ತೂಗಿದ ತುತ್ತು

ಹೊಟ್ಟೆಗೆ ಏನು ಉಣ್ಣುತ್ತೀರಿ ಅಂತ ಕೇಳಿದರೆ ಮಸ್ಕಿಯ ಮಂದಿ ಬಾಗಿಲು ಹಾಕಿಕೊಳ್ಳುತ್ತಾರೆ ಎಂಬುದು ಗಿರಿಯಮ್ಮನಿಗೆ ಗೊತ್ತಿರಲಿಲ್ಲ. ಮದರಾಸಿನಲ್ಲಿ ಆಹಾರ ಮತ್ತು ಪೋಷಣೆಯ ಎಂ.ಎಸ್ಸಿ. ಓದುತ್ತಿದ್ದಳು. ಬಡವರ ಮನೆಮನೆ ಹೊಕ್ಕು ಅವರ ದಿನದ ಊಟ ತೂಗಿ ತರದಿದ್ದರೆ ಡಿಗ್ರಿ ಇಲ್ಲ ಎಂದು ಪ್ರೊಫೆಸರು ಹೇಳಿ ಕಳಿಸಿದ್ದರು. ಹುಟ್ಟಿದೂರಲ್ಲವೇ, ಸಲೀಸು ಎಂದುಕೊಂಡು ತಕ್ಕಡಿ ಹಿಡಿದು ಬಂದಳು.

ತಕ್ಕಡಿ! ನಿಜಾಮರ ಸರ್ಕಾರ ಲೆವ್ಹಿ ಕಾಳು ಅಂತ ನೆಲದೊಳಗಿನ ಹಗೇವಿನ ತಳ ಕೆರೆದು ಜೋಳ ಒಯ್ಯುತ್ತಿದ್ದ ಕಾಲ ಅದು.

"ಕೊಟ್ಟೀವವ್ವ, ಕೊಟ್ಟೀವಿ. ಇನ್ನ ಹಲ್ಲಾಗ ಸಿಕ್ಕಿದ್ದೂ ಕಿತ್ತು ಒಯ್ತೀಯೇನು?" ಎಂದಳು ಪಕ್ಕದ ಮನೆಯ ಮುದುಕಮ್ಮ. ಗಿರಿಯಮ್ಮನನ್ನು ಬಗಲಲ್ಲಿ ಹೊತ್ತು ಆಡಿಸಿದವಳೇ.

"ಲೆವ್ಹಿ ಅಲ್ಲ ಚಿಗವ್ವ, ನನ್ನ ಓದಿಗೆ."

"ರೊಟ್ಟಿ ತೂಗೋದೂ ಒಂದು ಓದಂತ! ಕೇಳ್ರೇ ಇಲ್ಲಿ!" ಓಣಿಗೆ ಓಣಿಯೇ ನಕ್ಕಿತು. ಒಂದು ಕದವೂ ತೆರೆಯಲಿಲ್ಲ.

ಹತ್ತಿ ಹಿಂಜುವ ದಾವಲ್‌ಬೀ ಒಬ್ಬಳೇ "ಒಳಗ ಬಾ ಬೇಟಿ" ಅಂದಳು. ಗಡಿಗೆಯ ನುಚ್ಚು, ಪುಂಡಿಪಲ್ಯ ತೂಗಿ ಬರೆದುಕೊಂಡು ಗಿರಿಯಮ್ಮ ಎದ್ದಳು. ದಾವಲ್‌ಬೀ ಸೆರಗು ಜಗ್ಗಿದಳು.

"ಎಲ್ಲಿಗೆ? ಮಕ್ಕಳು ಉಣ್ಣೋದರ ಮ್ಯಾಲೆ ಕಣ್ಣಿಟ್ಟೀದಿ. ತುತ್ತು ಉಂಡು ಹೋಗು, ದಿಷ್ಟಿ ಕಳೀತೈತಿ. ಉಣ್ಣಲ್ಲಂದ್ರ ಬರದಿದ್ದು ಹರದು ಹಾಕು."

ಗಿರಿಯಮ್ಮನ ಕೊರಳಲ್ಲಿ ಲಿಂಗ. ಎದುರಿನ ಕಟ್ಟೆಯ ಮೇಲೆ ಮಂದಿ. ಎಲ್ಲರೂ ನೋಡುವಂತೆಯೇ ಉಂಡಳು.

ಅವಳಿಗಿಂತ ಮೊದಲು ಸುದ್ದಿ ಮನೆ ಮುಟ್ಟಿತ್ತು. ಹಸಿದವರಿಗೆ ಹಿಡಿ ನುಚ್ಚು ಕೊಡದ ಊರು ಒಂದು ತುತ್ತಿನ ಪಂಚಾಯ್ತಿಗೆ ಗುಡಿ ಮುಂದೆ ಕೂಡಿತ್ತು. ಥೂ! ಅವಳನ್ನು ಕೊಡಬೇಕೆಂದಿದ್ದ ಲಿಂಗಸುಗೂರಿನ ಬೀಗರಿಗೂ ಸುದ್ದಿ ಹೇಳಲು ಆಳು ಹೋಗಿದ್ದ. ಅಪ್ಪ ದೊಡ್ಡಬಸಪ್ಪ ಗೋಡೆ ಕಡೆ ಮುಖ ಮಾಡಿ ಕುಂತಿದ್ದ. ಅವ್ವ ತಾಟನ್ನು ಹೊಸ್ತಿಲಾಚೆ ಇಟ್ಟಳು.

"ತಪ್ಪಾತು ಅನ್ನು ಗಿರೀ. ಅಯ್ಯನವರು ಪಾದೋದಕ ಕೊಟ್ಟು ಶುದ್ಧ ಮಾಡ್ತಾರ. ಇನ್ನ ಯಾರ ಮನ್ಯಾಗೂ ಉಣ್ಣಲ್ಲನ್ನು, ಮುಗೀತು."

"ಉಣ್ಣದಿದ್ರ ಯಾರೂ ತೂಗಾಕ ಬಿಡಲ್ಲ, ನನ್ನ ಓದೂ ಮುಗೀತು ಬೇ."

"ಓದು ನಿನಗ ಹಡದವ್ವ ಆಕ್ಕೈತೇನು?"

ಗಿರಿಯಮ್ಮ ತಕ್ಕಡಿಯನ್ನು ಚೀಲಕ್ಕೆ ಹಾಕಿಕೊಂಡಳು. ತಾಟಿನ ಊಟ ಹಾಗೇ ಆರಿತು.

ಬೆಳಗಾಗುತ್ತಲೇ ಸಿಂಧನೂರಿನ ಬಂಡಿ ಹತ್ತಿದಳು. ಕಳಿಸಲು ಯಾರೂ ಬರಲಿಲ್ಲ. ಗೊರೇಬಾಳ, ಜವಳಗೇರಾ, ಮುಕ್ಕುಂದ ಅಂತ ಊರೂರು ತಿರುಗಿದಳು. ಈಗ ಹೊಸ್ತಿಲಲ್ಲೇ ಕುಂತು ಮೊದಲು ತುತ್ತು ಬೇಡುತ್ತಿದ್ದಳು, ತಕ್ಕಡಿ ತೆಗೆಯುವುದು ಆಮೇಲೆ. ಜಾತಿ ಕೇಳಲಿಲ್ಲ, ಹೇಳಲಿಲ್ಲ. ಕದಗಳು ತೆರೆದವು. ಡಿಗ್ರಿಗೆ ಬೇಕಾದಷ್ಟು ಮನೆಗಳಾದವು.

ಕಡೆಯ ಮನೆ ಮುಕ್ಕುಂದದಲ್ಲಿ. ಮುದುಕಿಯೊಬ್ಬಳು ಸಜ್ಜೆರೊಟ್ಟಿ ಮುರಿದು ಕೈಗಿಟ್ಟು, "ಯಾರ ಮಗಳವ್ವ ನೀ? ಯಾವೂರಾಕಿ?" ಎಂದು ಕೇಳಿದಳು.

ಮಸ್ಕಿ ಎನ್ನಲು ಬಾಯಿ ತೆರೆದಳು. ಆಮೇಲೆ ತುತ್ತು ಬಾಯಿಗಿಟ್ಟು, ನಿಧಾನ ಅಗಿದು ನುಂಗಿ, "ದೂರದಾಕಿ ಆಯಿ," ಎಂದಳು.