ಪೆಟ್ಟಿಗೆ ಬಂತು

ಅಂತರಸನಹಳ್ಳಿಯ ಆ ವರ್ಕ್‌ಶಾಪಿನಲ್ಲಿ ಮೇಸ್ತ್ರಿಯನ್ನು ಯಾರೂ ಮೇಸ್ತ್ರಿ ಎನ್ನುತ್ತಿರಲಿಲ್ಲ. ಎದುರಿಗೆ ಸಾರ್, ಬೆನ್ನ ಹಿಂದೆ ಪೆಟ್ಟಿಗೆ. ಮೇಸ್ತ್ರಿಗೆ ಪ್ರಾಸ ಇಸ್ತ್ರಿ. ಇಸ್ತ್ರಿ ಎಂದಮೇಲೆ ಇಸ್ತ್ರಿ ಪೆಟ್ಟಿಗೆ. ಅದರಲ್ಲಿ ಇಸ್ತ್ರಿಯನ್ನು ಕಿತ್ತುಹಾಕಿದರೆ ಉಳಿಯುವುದು ಪೆಟ್ಟಿಗೆ. ಬೀಡಿಗೆ ಪ್ರಾಸ ಜೋಡಿ, ಜೋಡಿ ಎಂದರೆ ಎತ್ತು. ಹಾಗಾಗಿ ಬೀಡಿ ಸೇದಲು ಹೊರಟವನು "ಎತ್ತು ಮೇಯಿಸ್ಕೊಂಡ್ ಬರ್ತೀನಿ" ಎನ್ನುತ್ತಿದ್ದ. ಕಾಫಿಗೆ ಟೋಪಿ, ಟೋಪಿ ಇರುವುದು ತಲೆಗೆ. "ತಲೆ ಕುಡುದ್ಯಾ?" ಎಂದು ಕೇಳಿದರೆ ಹೊಸಬರು ಬೆಪ್ಪಾಗಿ ನಿಲ್ಲುತ್ತಿದ್ದರು. ಯಾರೂ ಬಿಡಿಸಿ ಹೇಳುತ್ತಿರಲಿಲ್ಲ. ತಾನಾಗಿ ಕಂಡುಕೊಂಡವನು ಒಳಗಿನವನು.

ಇವನ್ನೆಲ್ಲ ಕಟ್ಟಿದವನು ಗುಬ್ಬಿಯ ಗಂಗಾಧರ. ಲೇತ್ ಕೆಲಸದವನು, ಮುಂಗೋಪಿ. ಅವನ ಬೈಕಿನ ಹಿಂದಿನ ಸೀಟಿನಲ್ಲಿ ಅವನದೇ ಬೀದಿಯ ಅಶ್ವಥ್ ದಿನವೂ ಬರುತ್ತಿದ್ದ. ಹೊಸ ಮಾತುಗಳು ಹುಟ್ಟುತ್ತಿದ್ದದ್ದು ಆ ದಾರಿಯಲ್ಲೇ. ಗಂಗಾಧರ ಕಟ್ಟುವುದು, ಅಶ್ವಥ್ ನಗುವುದು, ಶಿಫ್ಟ್ ಶುರುವಾಗುವ ಹೊತ್ತಿಗೆ ಶೆಡ್ಡಿಗೆಲ್ಲ ಹಬ್ಬುವುದು.

ಕೊತ್ತಗೆರೆಯ ಸದಾಶಿವಯ್ಯ ಮೇಸ್ತ್ರಿ ಕೆಲಸದಿಂದ ನಿವೃತ್ತರಾದರು. ಮಾಲೀಕರು ಆ ಜಾಗಕ್ಕೆ ಗಂಗಾಧರನನ್ನು ಹಾಕಿದರು. ಸಂಬಳ ಏರಿತು, ಹೆಂಡತಿ ಸಂಧ್ಯಾ ಕೇರಿಗೆಲ್ಲ ಸಿಹಿ ಹಂಚಿದಳು.

ಕೊನೆಯ ದಿನ ಸದಾಶಿವಯ್ಯ ಟೂಲ್ ರೂಮಿನ ಬೀಗದ ಕೈ ಕೊಟ್ಟರು.

"ತಗೊಳಪ್ಪ. ಇನ್ಮೇಲೆ ಪೆಟ್ಟಿಗೆ ನೀನು."

ಗಂಗಾಧರ ಚಾಚಿದ ಕೈ ಅಲ್ಲೇ ನಿಂತಿತು. "ನಿಮಗ್ ಗೊತ್ತಿತ್ತಾ ಸಾರ್?"

"ನೀನು ಕಟ್ಟಿದ ವಾರಕ್ಕೇ ಗೊತ್ತಾಯ್ತು. ನಾನೇನ್ ಇಲ್ಲಿ ದನ ಕಾಯಕ್ ಬಂದಿದ್ನಾ?"

"ಒಂದಿನಾನೂ ಬೈಲಿಲ್ಲ ನೀವು."

"ಬೈದಿದ್ರೆ ಬೇರೆ ಮಾತ್ ಕಟ್ತಿದ್ರಿ. ಮತ್ತೆ ಅದನ್ನ ಕಲೀಬೇಕಿತ್ತು ನಾನು. ಮಾತಾಡ್ಕೊಂಡ್ ಕೆಲ್ಸ ಮಾಡ್ತಿದ್ರಿ, ಮಾಡ್ಲಿ ಅಂತ ಬುಟ್ಟೆ. ಮೊಖ ಮಾತ್ರ ಗೋಡೆ ಥರ ಇಟ್ಕಬೇಕು. ಅದು ಕಷ್ಟ."

ಸೋಮವಾರ ಗಂಗಾಧರ ಬೀದಿ ತುದಿಯಲ್ಲಿ ಬೈಕ್ ನಿಲ್ಲಿಸಿ ಹಾರ್ನ್ ಹೊಡೆದ. ಅಶ್ವಥ್ ಬರಲಿಲ್ಲ. ಬಸ್ಸಿಗೆ ಹೋಗಿದ್ದ.

ಶೆಡ್ಡಿನಲ್ಲಿ ಎಲ್ಲರೂ ಪಠ್ಯಪುಸ್ತಕದಂತೆ ಮಾತಾಡಿದರು. "ಸಾರ್, ಬೀಡಿ ಸೇದಿ ಬರ್ತೀನಿ." "ಸಾರ್, ಕಾಫಿ ಕುಡೀರಿ." ಒಂದು ವಾರ ಇದನ್ನು ಕೇಳಿ ಗಂಗಾಧರನ ತಲೆ ಕೆಟ್ಟಿತು.

"ಏನ್ರೋ, ಬೀಡಿಗೆ ಎತ್ತು ಅನ್ನೋದು ಮರ್ತೋಯ್ತಾ?"

ಎಲ್ಲರಿಗಿಂತ ಹಿರಿಯನಾದ ದಾಸಯ್ಯ ಡ್ರಿಲ್ಲಿಂಗ್ ಮಷೀನಿನಿಂದ ತಲೆ ಎತ್ತಲಿಲ್ಲ. "ಎತ್ತಿಗೆ ವಯಸ್ಸಾಯ್ತು ಸಾರ್. ಮಾರ್ಬುಟ್ವಿ."

ಎಲ್ಲರೂ ನಕ್ಕರು. ಗಂಗಾಧರನನ್ನು ಬಿಟ್ಟು.

ಗೇಟಿನ ಬಳಿ ಅಶ್ವಥನನ್ನು ಹಿಡಿದು ಕೇಳಿದ. "ಯಾಕ್ಲಾ ಬಸ್ಸು? ನನ್ ಗಾಡಿ ಏನ್ ಮುಳ್ಳಾ?"

"ನಿನ್ ಹಿಂದೆ ಕೂತ್ಕೊಂಡ್ ಬಂದ್ರೆ ನಮ್ಮೋರು ನನ್ ಮುಂದೆ ಬಾಯ್ ಬಿಡಲ್ಲ ಗಂಗಣ್ಣ. ನೀನು ಎಲ್ಲಾ ಮಾತು ಬಲ್ಲೋನು. ಸದಾಶಿವಯ್ಯಂಗಾದ್ರೆ ಏನೂ ತಿಳೀತಿರ್ಲಿಲ್ಲ." ಬಸ್ಸಿನ ಕಡೆ ತಿರುಗಿ, "ಬರ್ತೀನಿ ಸಾರ್" ಎಂದ.

ಅಶ್ವಥನ ಬಾಯಲ್ಲಿ ಆ ಸಾರ್ ಗಂಗಾಧರನಿಗೆ ಬೈಗುಳಕ್ಕಿಂತ ಕೆಟ್ಟದಾಗಿ ಕೇಳಿಸಿತು. ಅಂದು ರಾತ್ರಿ ಊಟ ಮಾಡುವಾಗ ಸಂಧ್ಯಾಳ ಮೇಲೆ ಸುಮ್ಮನೆ ರೇಗಿದ.

ಮಳೆಗಾಲ ಮುಗಿಯುವ ಹೊತ್ತಿಗೆ ಶೆಡ್ಡಿನಲ್ಲಿ ಹೊಸ ಮಾತು ಬಂದಿತ್ತು. ಅವನು ಬಾಗಿಲಿಗೆ ಬಂದಾಗ ಒಳಗಿನಿಂದ ಯಾರೋ "ಪಂಚಾಂಗ ಬಂತು" ಎಂದರು. ಎಲ್ಲರೂ ಮಷೀನುಗಳಿಗೆ ಬಗ್ಗಿದರು. ಅವನಿಗೆ ಅರ್ಥವಾಗಲಿಲ್ಲ. ಸಂಜೆ ಒಬ್ಬನೇ ಬೈಕಿನಲ್ಲಿ ಮಲ್ಲಸಂದ್ರ ದಾಟುವಾಗ ಗಂಟು ಬಿಚ್ಚಿತು. ಮೇಸ್ತ್ರಿ, ಶಾಸ್ತ್ರಿ, ಶಾಸ್ತ್ರಿಯ ಕೈಯಲ್ಲಿ ಪಂಚಾಂಗ. ಒಳ್ಳೆಯ ಕೆಲಸ. ಅವನು ಕಟ್ಟಿದ್ದಕ್ಕಿಂತ ಬಿಗಿಯಾಗಿತ್ತು. ಬೆಳಿಗ್ಗೆ ಹೋಗಿ, ನಿಮ್ಮ ಗುಟ್ಟು ಗೊತ್ತಾಯ್ತು ಕಣ್ರೋ ಎಂದು ಬೆನ್ನು ತಟ್ಟಬೇಕೆನಿಸಿತು. ಆಮೇಲೆ ಸದಾಶಿವಯ್ಯ ಬೀಗದ ಕೈ ಕೊಟ್ಟ ದಿನ ನೆನಪಾಯಿತು.

ಮರುದಿನ ಕಾಫಿ ಹೊತ್ತಿನಲ್ಲಿ ದಾಸಯ್ಯ ಅವನ ಎದುರಿಗೇ ಕೇಳಿದ. "ಅಶ್ವಥ್, ಪಂಚಾಂಗ ಯಾಕ್ಲಾ ಇವತ್ತು ಇಷ್ಟು ಬಿಸಿ?"

ಎಲ್ಲರ ಕಣ್ಣು ಗಂಗಾಧರನ ಮುಖದ ಮೇಲೆ. ನಗು ಗಂಟಲವರೆಗೆ ಬಂದಿತ್ತು, ಉತ್ತರ ನಾಲಿಗೆಯ ಮೇಲಿತ್ತು. ಎರಡನ್ನೂ ಕಾಫಿಯ ಜೊತೆ ನುಂಗಿದ.

"ಪಂಚಾಂಗ ಬಿಸಿ ಹೆಂಗಾಗುತ್ತೆ ದಾಸಯ್ಯ? ಒಲೆ ಪಕ್ಕ ಇಟ್ಟಿದ್ಯಾ? ರಾಹುಕಾಲ ಗೀಹುಕಾಲ ಅಂತ ಮಷೀನ್ ನಿಲ್ಲಿಸಿದ್ರೆ ನಾನಂತೂ ಸುಮ್ನಿರಲ್ಲ."

ಶೆಡ್ಡು ನಕ್ಕಿತು. ದಾಸಯ್ಯನಿಗೆ ಕೆಮ್ಮು ಹತ್ತಿತು. ಗಂಗಾಧರ ಏನೂ ತಿಳಿಯದವನಂತೆ ಹುಬ್ಬು ಗಂಟಿಕ್ಕಿ ಲೋಟ ಇಟ್ಟು ಎದ್ದ. ಸದಾಶಿವಯ್ಯ ಹೇಳಿದ್ದು ಸರಿ. ಕಷ್ಟವೇ.

ಸಂಜೆ ಅಶ್ವಥ್ ಬೈಕಿನ ಬಳಿ ಬಂದು ನಿಂತ. "ಬಸ್ ಹೋಗ್ಬುಡ್ತು ಗಂಗಣ್ಣ. ಬರ್ಲಾ?"

ಬಸ್ಸು ರಸ್ತೆಯ ಆ ಕಡೆ ಜನ ಹತ್ತಿಸಿಕೊಳ್ಳುತ್ತ ನಿಂತೇ ಇತ್ತು. ಇಬ್ಬರಿಗೂ ಕಾಣುತ್ತಿತ್ತು.

"ಹತ್ತು" ಎಂದ ಗಂಗಾಧರ.

ಮಲ್ಲಸಂದ್ರದ ಹತ್ತಿರ ಹಿಂದಿನಿಂದ ಕಿಸಕ್ಕೆಂದು ನಗು ಕೇಳಿಸಿತು.

"ಏನ್ಲಾ?"

"ಏನಿಲ್ಲ ಬುಡಣ್ಣ. ನಿಂಗೆ ಹೇಳಿದ್ರೂ ಗೊತ್ತಾಗಲ್ಲ."

"ಗೊತ್ತಾಗ್ದಿದ್ರೆ ಬ್ಯಾಡ ಬುಡು" ಎಂದು ಗಂಗಾಧರ ರಸ್ತೆ ನೋಡಿಕೊಂಡು ಗಾಡಿ ಓಡಿಸಿದ. ಮುಖ ಮುಂದಕ್ಕಿದ್ದುದರಿಂದ ಅಲ್ಲಿಂದ ಗುಬ್ಬಿಯವರೆಗೆ ಅದನ್ನು ಗೋಡೆ ಮಾಡಿಕೊಳ್ಳುವ ಕೆಲಸ ಇರಲಿಲ್ಲ.