ತೊಳೆದ ನೀರು

ಚೆಲ್ಲಬೇಕಾಗಿದ್ದ ನೀರನ್ನು ಅವಳು ಯಂತ್ರಕ್ಕೆ ಹಾಕಿ ಹತ್ತು ನಿಮಿಷವಾಗಿತ್ತು. ಪರದೆಯ ಮೇಲೆ ನೆಟ್ಟಗೆ ಮಲಗಿದ್ದ ಗೆರೆ ಹನ್ನೊಂದನೆಯ ನಿಮಿಷಕ್ಕೆ ಹೆಡೆ ಎತ್ತಿತು.

"ಇದರ ಮನೆ ಹಾಳಾಗ" ಎಂದಳು. ಮೂರನೆಯ ಸಲವೂ ಅದೇ.

ಮಕ್ಕಳ ಹಿಟ್ಟಿನಲ್ಲಿ ಬೂಷ್ಟಿನ ವಿಷವಿದೆಯೇ ಎಂದು ನೋಡುವುದು ಈ ಪ್ರಯೋಗಾಲಯದ ಕೆಲಸ. ಹಿಟ್ಟಿನಿಂದ ವಿಷವನ್ನಷ್ಟೇ ಹೆಕ್ಕಿ ಯಂತ್ರಕ್ಕೆ ಕೊಡುವುದು ಅವಳ ಕೆಲಸ. ಅದಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಕಣಗಳಿದ್ದವು. ಅವುಗಳ ಮೈತುಂಬ ಆಪ್ಟಮರ್ ಎಂಬ ಡಿಎನ್‌ಎ ಎಳೆಗಳು. ಆ ಎಳೆ ಮಡಚಿಕೊಂಡು ಮುಷ್ಟಿಯಾಗಿ ವಿಷವನ್ನು ಹಿಡಿದುಕೊಳ್ಳುತ್ತದೆ. ಕೊಳವೆಯ ಪಕ್ಕಕ್ಕೆ ಅಯಸ್ಕಾಂತ ಹಿಡಿದರೆ ಕಣಗಳೆಲ್ಲ ಕಪ್ಪು ಮಚ್ಚೆಯಾಗಿ ಗೋಡೆಗೆ ಅಂಟುತ್ತವೆ. ಆಮೇಲೆ ತೊಳೆದು, ತೊಳೆದ ನೀರನ್ನು ಚೆಲ್ಲಿ, ಕಣಗಳಲ್ಲಿ ಉಳಿದ ವಿಷವನ್ನು ಬಿಡಿಸಿ ಯಂತ್ರಕ್ಕೆ ಹಾಕಬೇಕು.

ಮೊದಲು ಉಪ್ಪುನೀರಿನಲ್ಲಿ ತೊಳೆಯುತ್ತಿದ್ದಳು. ಮೂರು ತಿಂಗಳ ಹಿಂದೆ ನೀರು ಶುದ್ಧ ಮಾಡುವ ಹೊಸ ಯಂತ್ರ ಬಂತು. "ಉಪ್ಪು ಆ ಟೆಸ್ಟ್ ಮಾಡೋ ದುಬಾರಿ ಯಂತ್ರಕ್ಕೆ ಒಳ್ಳೇದಲ್ಲ, ಇನ್ಮೇಲೆ ಈ ಶುದ್ಧ ನೀರಲ್ಲೇ ತೊಳಿ" ಎಂದಿದ್ದರು ಸಾಹೇಬರು. ಪರೀಕ್ಷೆ ಸರಿಯಿದೆಯೇ ಎಂದು ತಾಳೆ ನೋಡಲು ವಾರಕ್ಕೊಮ್ಮೆ ಬೇಕೆಂದೇ ವಿಷ ಬೆರೆಸುವ ಮಾದರಿಯನ್ನು ಮಾತ್ರ ಅವಳು, ಹಳೆಯ ಸೀಸೆಯಲ್ಲಿ ಉಳಿದ ಉಪ್ಪುನೀರು ಹಾಳಾಗಬಾರದೆಂದು, ಅದರಲ್ಲೇ ತೊಳೆಯುತ್ತಿದ್ದಳು. ಅದು ಪ್ರತಿ ವಾರ ಸರಿಯಾಗಿ ಬರುತ್ತಿತ್ತು. ಸೋಮವಾರ ಸೀಸೆ ಬರಿದಾಯಿತು. ಶುದ್ಧ ನೀರು ಹಾಕಿದಳು. ಕೈಯಾರೆ ಬೆರೆಸಿದ ವಿಷವೂ ಸೊನ್ನೆ ಎಂದು ಬಂತು.

ಉಪ್ಪಿಲ್ಲದ ನೀರಿಗೆ ಎಳೆಗಳು ಮುಷ್ಟಿ ಬಿಚ್ಚುತ್ತಿದ್ದವು. ಹಿಡಿದದ್ದೆಲ್ಲ ಮೋರಿಗೆ. ಈ ಮೂರು ತಿಂಗಳಲ್ಲಿ ಅಂಗಡಿಗಳಿಗೆ ಹೋದ ಹಿಟ್ಟಿನ ಒಂಬತ್ತು ಲಾಟುಗಳಿಗೆ ಅವಳು ಸೊನ್ನೆ ಬರೆದಿದ್ದಳು. ಈಗ ಪರದೆಯ ಮೇಲಿದ್ದದ್ದು ಕೊನೆಯ ಲಾಟಿನ ಕಣಗಳನ್ನು ತೊಳೆದ ನೀರು: ಮಕ್ಕಳಿಗೆ ಬಿಟ್ಟಿರುವ ಮಿತಿಯ ನಾಲ್ಕು ಪಟ್ಟು ವಿಷ.

ಅವಳು ಮುದ್ರಿಸಿ ತಂದ ಕಾಗದವನ್ನು ಸಾಹೇಬರು ಎರಡು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯಾರಿಗಾದ್ರೂ ತೋರಿಸಿದ್ಯಾ?"

"ಇಲ್ಲ ಸರ್. ಆ ಲಾಟುಗಳನ್ನ ವಾಪಸ್ ತರಿಸ್ಬೇಕು."

"ಕೂತ್ಕೊಳಮ್ಮ. ತೊಳೆದವರು ಅನ್ನೋ ಕಡೆ ಯಾರ ಸಹಿ ಇದೆ?"

"ನಂದು."

"ಒಂಬತ್ತಕ್ಕೂ?"

"ಒಂಬತ್ತಕ್ಕೂ. ಆದ್ರೆ ಶುದ್ಧ ನೀರಲ್ಲಿ ತೊಳಿ ಅಂದಿದ್ದು ನೀವೇ ಅಲ್ವಾ ಸರ್?"

"ಬರೆದು ಕೊಟ್ಟಿದ್ನಾ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಜ್ವರ ಎಷ್ಟಿದೆ ಎಂದು ಕೇಳುವ ವೈದ್ಯರ ದನಿ. "ನಾಳೆಯಿಂದ ಉಪ್ಪುನೀರಲ್ಲೇ ತೊಳಿ. ಹಳೇದು ಹಳೇದೇ ಇರ್ಲಿ. ಹನ್ನೊಂದು ವರ್ಷ ಆಯ್ತಲ್ಲ ನೀನು ಟೆಂಪರರಿ? ನಿನ್ನ ಕಾಯಂ ಆಗೋ ಫೈಲು ಮೇಲಿನವರ ಮೇಜಿನ ಮೇಲಿದೆ. ಈ ವಾರ ಆಗಿಬಿಡುತ್ತೆ."

ಅವಳು ಬಾಗಿಲವರೆಗೆ ಹೋಗಿ ತಿರುಗಿ ನೋಡಿದಳು. ಕಾಗದ ಆಗಲೇ ಡ್ರಾಯರ್ ಸೇರಿತ್ತು.

ಮೆಟ್ಟಿಲ ಮೇಲೆ ಕೂತು ತಂಗಿಗೆ ಫೋನ್ ಮಾಡಿದಳು.

"ಏನಕ್ಕಾ, ಡ್ಯೂಟಿ ಟೈಮಲ್ಲಿ? ಸೂರ್ಯ ಎಲ್ಲಿ ಹುಟ್ಟಿದ ಇವತ್ತು?"

"ಮಗೂಗೆ ಆ ಡಬ್ಬಿ ಹಿಟ್ಟು ಕೊಡ್ಬೇಡ. ಬಿಸಾಕು."

"ಅಯ್ಯೋ, ಮೊನ್ನೆ ತಾನೆ ಒಡೆದಿದ್ದು! ‘ನಾನೇ ನೋಡಿದೀನಿ, ಕಣ್ಮುಚ್ಚಿ ತಗೋ’ ಅಂದೋಳು ನೀನೇ."

"ಹೇಳಿದಷ್ಟು ಕೇಳೇ. ಎಷ್ಟು ತಿನ್ಸಿದೀಯ?"

"ಎರಡು ದಿನ. ಯಾಕಕ್ಕಾ, ಏನಾಗಿದೆ?" ತಂಗಿಯ ದನಿ ಇಳಿಯಿತು.

"ಏನಿಲ್ಲ. ಎರಡು ದಿನಕ್ಕೆ ಏನೂ ಆಗಲ್ಲ. ಇನ್ಮೇಲೆ ಬೇಡ, ಅಷ್ಟೆ."

"ಸರಿ ಬಿಡು. ಮೇಲಿನ ಮನೆಯವಳೂ ಮಗೂಗೆ ಅದನ್ನೇ ತಿನ್ನಿಸ್ತಾಳೆ, ಮೂರು ತಿಂಗಳಿಂದ. ನಮ್ಮಕ್ಕನೇ ಟೆಸ್ಟ್ ಮಾಡಿರೋದು ಅಂತ ಜಂಬ ಕೊಚ್ಚಿ ನಾನೇ ತರಿಸಿದ್ದು. ಅವಳಿಗೂ ಹೇಳ್ಬಿಡ್ತೀನಿ."

ಮೇಲಿನ ಮನೆಯವಳು ಅವಳಿಗೆ ಗೊತ್ತು. ಆಕೆಯ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಇಡೀ ಕಟ್ಟಡ ಸುತ್ತಿ ಬರುತ್ತದೆ.

"ಬೇಡ."

"ಬೇಡ್ವಾ?"

"ಈಗ ಬೇಡ. ಒಂದು ವಾರ ತಡಿ. ನನ್ನ ಕೆಲಸದ ವಿಷಯ ಕಣೇ."

ಫೋನಿನಾಚೆ ಬಾಗಿಲು ಬಡಿದ ಸದ್ದಾಯಿತು. ಒಂದು ಮಗು ಅಳುತ್ತಿತ್ತು, ತಂಗಿಯದಲ್ಲ. ಜೊತೆಗೆ ಮೇಲಿನ ಮನೆಯವಳ ದನಿ.

"ರೀ, ಸ್ವಲ್ಪ ಬಿಸಿನೀರು ಇದ್ರೆ ಕೊಡ್ತೀರಾ? ಗ್ಯಾಸ್ ಮುಗಿದುಹೋಗಿದೆ. ಹಿಟ್ಟು ಬಟ್ಟಲಿಗೆ ಹಾಕ್ಕೊಂಡೇ ಬಂದೆ, ಇವಳು ಬಿಡ್ತಾ ಇಲ್ಲ ನೋಡಿ."

"ಅಕ್ಕಾ?" ತಂಗಿ ಫೋನಿಗೆ ಬಾಯಿ ಹತ್ತಿಸಿ ಪಿಸುಗುಟ್ಟಿದಳು. "ಅಕ್ಕಾ, ಏನು ಮಾಡ್ಲಿ?"

ಅವಳು ಬಾಯಿ ತೆರೆದಳು. ಪ್ರಯೋಗಾಲಯದಿಂದ ಯಾರೋ ಮೆಟ್ಟಿಲಿಳಿದು ಬರುತ್ತಿದ್ದರು. ಸರಿದು ದಾರಿ ಬಿಟ್ಟಳು.

"ಇದೆ, ಬನ್ನಿ" ಎಂದಳು ತಂಗಿ, ಅತ್ತ ತಿರುಗಿ.

ಫೋನು ಕಿವಿಯಲ್ಲೇ ಇತ್ತು. ನೀರು ಸುರಿದದ್ದು ಕೇಳಿಸಿತು. ಆಮೇಲೆ ಬಟ್ಟಲಿನ ಅಂಚಿಗೆ ಚಮಚ ತಾಗುತ್ತ ತಾಗುತ್ತ, ಗಂಟಿಲ್ಲದಂತೆ, ನಿಧಾನವಾಗಿ ಕಲಸುವ ಸದ್ದು. ಮಗು ಅಳು ನಿಲ್ಲಿಸಿತು.