ಬಾಗಿಲಿಂದ ಗೇಟಿನವರೆಗೆ

ಅಂಗಳದಲ್ಲಿ ಅವಳು ಮತ್ತೆ ಹಾರಿದಳು. ಬೆಳಗಿನಿಂದ ಇದು ಐದನೇ ಸಲ. ಒಳಗೆ ಹಜಾರದಲ್ಲಿ ಗಂಡನ ಹೆಣ, ಹೊರಗೆ ಅರವತ್ತೆರಡರ ಹೆಂಡತಿ ನೀರಿನ ಚೊಂಬು ಹಿಡಿದು ಮೇಕೆಮರಿಯ ಹಾಗೆ ಜಿಗಿಯುತ್ತಿದ್ದರೆ ಬಂದವರಾದರೂ ಏನಂದುಕೊಳ್ಳಬೇಕು? ಪಾಪ, ದುಃಖ ತಲೆಗೇರಿದೆ ಅಂದುಕೊಂಡರು.

ದುಃಖವೇನೋ ಇತ್ತು. ಹಾರುತ್ತಿದ್ದದ್ದು ಮಾತ್ರ ಹಟಕ್ಕೆ. ಬಾಗಿಲಿಂದ ಗೇಟಿನವರೆಗೆ, ಚಾಪೆಯಗಲಕ್ಕೆ, ಗಂಡ ಕಪ್ಪು ಫಿಲ್ಮಿನ ಪಟ್ಟಿಗಳನ್ನು ನೆಲಕ್ಕೆ ಅಂಟಿಸಿಬಿಟ್ಟಿದ್ದ. ನಲ್ಲಿ ಅದರ ಆಚೆ, ಬಂದವರ ಕುರ್ಚಿ ಈಚೆ. ತುಳಿಯಲ್ಲ ಅಂತ ಅವಳು ಒಂದು ಸಲ ಅಂದಿದ್ದಳು. ಅಂದಮೇಲೆ ಮುಗಿಯಿತು.

*

ಅವನು ಟಾಕೀಸಿನಲ್ಲಿ ಮೂವತ್ತು ವರ್ಷ ರೀಲು ಓಡಿಸಿದವನು. ಟಾಕೀಸು ಮುಚ್ಚಿದ ಮೇಲೆ ಕ್ಯಾಮೆರಾ ಇಲ್ಲದೆ ಸಿನಿಮಾ ಮಾಡುವ ಹುಚ್ಚು ಹಿಡಿಯಿತು. ಒಂದು ಮಳೆಗಾಲವಿಡೀ ಬಟ್ಟೆ ಹಗ್ಗಕ್ಕೆ ಫಿಲ್ಮು ನೇತುಹಾಕಿದ. ಮಳೆ ತನ್ನ ಚಿತ್ರ ತಾನೇ ಬರೆದುಕೊಳ್ಳುತ್ತದಂತೆ. ಆಮೇಲೆ ಗುಲಾಬಿ ಗಿಡದ ಬುಡದಲ್ಲಿ ಒಂದು ರೀಲು ಹೂತ. ಗಿಡ ಸತ್ತಿತು, ಸಿನಿಮಾ ಚೆನ್ನಾಗಿ ಬಂತು. ನೋಡಲು ಬಂದವರು ಆರು ಜನ. ಅದರಲ್ಲೊಬ್ಬ ಬಾಡಿಗೆ ಕುರ್ಚಿಯವನು, ಕುರ್ಚಿ ಯಾವಾಗ ಖಾಲಿಯಾಗುತ್ತೋ ಅಂತ ಕಾಯುತ್ತಿದ್ದ.

ಈ ಕೊನೆಯದು ಹೆಜ್ಜೆಗಳ ಸಿನಿಮಾ. ಬಂದುಹೋಗುವವರ ಚಪ್ಪಲಿ ಗೀರಿದ ಕಡೆ ಕಪ್ಪು ಕಿತ್ತು, ಆಮೇಲೆ ರೀಲು ಓಡಿಸಿದಾಗ ಅಲ್ಲಿಂದ ಪರದೆಗೆ ಬೆಳಕು ಬರಬೇಕು. ಹದಿನೈದು ದಿನ ಕಾದ. ಬಂದವರು ಹಾಲಿನವನು, ಮೀಟರು ನೋಡುವವನು.

"ನೀನೂ ಒಂದು ಸಲ ನಡಿಯೇ," ಅಂದಿದ್ದ. "ಬರಿಗಾಲಲ್ಲಿ ಬೇಡ, ಗೀರು ಬೀಳಲ್ಲ."

"ಸತ್ತರೂ ತುಳಿಯಲ್ಲ," ಅಂದಿದ್ದಳು ಇವಳು. ಯಾರು ಸತ್ತರೆ ಅಂತ ಆಗ ಯೋಚಿಸಿರಲಿಲ್ಲ.

*

ಇವತ್ತು ನೋಡಿದರೆ ಜನವೋ ಜನ. ಅವನ ಸಿನಿಮಾ ಅಂದರೆ ಮಾರುದೂರ ಓಡುತ್ತಿದ್ದ ಇವಳ ತಮ್ಮ ಫೋನು ಕಿವಿಗಿಟ್ಟು ಆ ಪಟ್ಟಿಗಳ ಮೇಲೇ ಹತ್ತು ಸುತ್ತು ಹೊಡೆದ. ಅದೇ ಕುರ್ಚಿಯವನು ಕುರ್ಚಿಗಳನ್ನು ಎತ್ತುವ ಬದಲು ಎಳೆದುಕೊಂಡು ಹೋದ. ಇದನ್ನೆಲ್ಲ ನೋಡಲು ಅವನೊಬ್ಬನಿಲ್ಲವಲ್ಲ ಅಂತ ಅವಳಿಗೆ ಹೊಟ್ಟೆ ಉರಿಯಿತು.

ಹೆಣ ಎತ್ತುವ ಹೊತ್ತಿಗೆ ಗಂಡನ ಅಕ್ಕ ದೋಸೆ ಸಟ್ಟುಗ ಹಿಡಿದು ಬಂದರು, ಫಿಲ್ಮು ಕೆರೆದು ತೆಗೆಯಲು. "ಇದನ್ನ ಕಿತ್ತುಹಾಕ್ತೀನಿ ಕಣಮ್ಮ. ಹೊತ್ತವರು ಜಾರಿಬಿದ್ದರೆ ಏನು ಗತಿ?"

"ಮುಟ್ಟಬೇಡಿ ಅತ್ತಿಗೆ. ಇನ್ನೂ ಮುಗಿದಿಲ್ಲ."

"ಏನು ಮುಗಿದಿಲ್ಲ?"

"ಅವರ ಸಿನಿಮಾ," ಅಂದಳು. ಬೆಳಗಿನಿಂದ ತಡೆದಿದ್ದ ಅಳು ಆಗ ಬಂತು. ಅತ್ತಿಗೆ ಸಟ್ಟುಗ ಕೆಳಗಿಟ್ಟರು.

ನಾಲ್ಕು ಜನ ಹೊತ್ತು ನಡೆದರು. ಯಾರೂ ಜಾರಲಿಲ್ಲ. ತನ್ನ ಸಿನಿಮಾದ ಮೇಲೆ ಅವನೊಬ್ಬನೇ ಕಾಲು ತಗಲಿಸದೆ ಹೋದ. ಗಾಡಿ ಗೇಟಿನಾಚೆ ನಿಂತಿತ್ತು, ಎಲ್ಲರೂ ಅವಳಿಗೆ ಕಾದರು. ಬಾಗಿಲಲ್ಲಿ ನಿಂತು ತನ್ನ ಬರಿಗಾಲು ನೋಡಿಕೊಂಡವಳು ಸರಕ್ಕನೆ ಒಳಗೆ ಹೋದಳು.

ಬಂದದ್ದು ಗಂಡನ ಹಳೇ ಬೂಟು ಹಾಕಿಕೊಂಡು, ಹಿಮ್ಮಡಿಗೆ ಕಬ್ಬಿಣದ ಲಾಳ ಹೊಡೆಸಿದ್ದು. ತಮ್ಮ ಬಾಯಿ ತೆರೆದ. ಅತ್ತಿಗೆ ಅವನ ಕೈ ಹಿಡಿದು ಸುಮ್ಮನಿರಿಸಿದರು. ಅವಳಿಗೆ ಬೂಟು ಎರಡು ಬೆರಳು ದೊಡ್ಡದು, ಎತ್ತಿದರೆ ಕಳಚುತ್ತಿತ್ತು. ಹಾಗಾಗಿ ಎಳೆದುಕೊಂಡೇ ನಡೆದಳು, ಕರ್ರೋ ಅನ್ನುವ ಹಾಗೆ, ನಿಧಾನವಾಗಿ.

ಗೇಟು ಮುಟ್ಟಿ ಹಿಂತಿರುಗಿ ನೋಡಿದಳು. ಊರವರ ಗೀರುಗಳ ನಡುವೆ, ಬಾಗಿಲಿಂದ ಅವಳ ಕಾಲಿನವರೆಗೆ, ಎರಡು ಬಿಳಿ ಗೆರೆ ಎಲ್ಲೂ ಕಡಿಯದೆ ಬಂದಿದ್ದವು.